ಸೊರಗಿದ ಕೆಂಪುಕಿವಿ ಆಮೆ ಮನೆಗೆ ಬಂದರೆ: ಮೊದಲ ದಿನದಿಂದ ಆರು ತಿಂಗಳವರೆಗಿನ ಆರೈಕೆ

ಹೋದ ವರ್ಷ ಜುಲೈ. ಬೆಳಗಾವಿ ಟಿಳಕವಾಡಿಯ ನಮ್ಮ ಓಣಿಯಲ್ಲಿ ಬಾಡಿಗೆ ಮನೆ ಖಾಲಿ ಮಾಡುತ್ತಿದ್ದವರು ಸಾಮಾನೆಲ್ಲ ಟೆಂಪೋಕ್ಕೆ ಹೇರಿ, ಗ್ಯಾಲರಿಯಲ್ಲಿ ಒಂದು ಗಾಜಿನ ಬೋಗುಣಿ ಮಾತ್ರ ಬಿಟ್ಟಿದ್ದರು. ಅದರಲ್ಲಿ ಎರಡು ಬೆರಳು ಹಸಿರು ನೀರು, ಒಂದು ಪ್ಲಾಸ್ಟಿಕ್ ತೆಂಗಿನ ಗಿಡ, ನೆನೆದು ಉಬ್ಬಿದ ನಾಲ್ಕು ಕಾಳು ಚುರುಮುರಿ, ತಲೆ ಒಳಗೆಳೆದುಕೊಂಡು ಕೂತ ಒಂದು ಆಮೆ. "ವಾಸ್ತು ಸಲುವಾಗಿ ತಂದಿದ್ವಿರೀ ಕಾಕಾ. ಲಕ್ಷ್ಮಿ ಅಂತ ಹೆಸರು. ಐದು ವರ್ಷ ಆತು, ಇಷ್ಟ ಐತಿ. ಬೆಳಿಯೂ ಜಾತಿ ಅಲ್ಲದು," ಅಂದ ಆ ಮನೆಯ ಹುಡುಗ. "ನಿಮಗ ಬೇಕಂದ್ರ ಇಟ್ಕೊಳ್ರಿ, ಇಲ್ಲಂದ್ರ ಕೋಟೆ ಕೆರಿಗೆ ಬಿಟ್ಟ ಬರ್ತೀನಿ."

ಬೆಳೆಯುವ ಜಾತಿಯೇ ಅದು. ಹೆಣ್ಣಾದರೆ ಚಿಪ್ಪು 25 ಸೆಂಟಿಮೀಟರ್ ದಾಟುತ್ತದೆ, ಸರಿಯಾಗಿ ನೋಡಿಕೊಂಡರೆ 30 ವರ್ಷ ಬದುಕುತ್ತದೆ. ಬೆಳೆಯಲು ಬೇಕಾದ ಬಿಸಿ, ಬಿಸಿಲು, ಊಟ ಮೂರೂ ಅದಕ್ಕೆ ಸಿಕ್ಕಿರಲಿಲ್ಲ, ಅಷ್ಟೆ. ಆ ಮನೆಯವರು ಕೆಟ್ಟವರೇನಲ್ಲ. ಅಂಗಡಿಯವನು "ಅಕ್ಕಿಕಾಳು ಹಾಕಿದರೂ ತಿಂತದ" ಅಂದಿದ್ದ, ಇವರು ನಂಬಿದ್ದರು.

ಬೋಗುಣಿ ನನ್ನ ಮನೆಗೆ ಬಂತು. ಮೊದಲ ವಾರ ನಾನೂ ತಪ್ಪು ಮಾಡಿದೆ. ಹಸಿದಿರಬೇಕು ಅಂತ ಮೊದಲ ರಾತ್ರಿಯೇ ಮೀನಿನ ತುಂಡು ಹಾಕಿದೆ. ತಿನ್ನಲಿಲ್ಲ, ಪುಣ್ಯ. ತಿಂದಿದ್ದರೆ ಆ ಚಳಿಯಲ್ಲಿ ಹೊಟ್ಟೆಯಲ್ಲೇ ಕೊಳೆಯುತ್ತಿತ್ತು. ಆಮೆಯ ಮೈ ತಾನಾಗಿ ಬಿಸಿಯಾಗುವುದಿಲ್ಲ. ಸುತ್ತಲಿನ ಬಿಸಿ ಎಷ್ಟೋ ಅದರ ಜಠರಾಗ್ನಿ ಅಷ್ಟೇ. ಹಾಗಾಗಿ ಈ ಬರಹದಲ್ಲಿ ಕ್ರಮ ಮುಖ್ಯ: ಮೊದಲು ಬಿಸಿ, ಆಮೇಲೆ ನೀರು, ಊಟ ಎಲ್ಲಕ್ಕಿಂತ ಕೊನೆಗೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ತಾಟು ಇಡುವುದು ರೂಢಿ. ಈ ಅತಿಥಿಗೆ ಅದು ನಡೆಯುವುದಿಲ್ಲ.

ಇದು ಯಾವ ಆಮೆ ಅಂತ ಖಾತ್ರಿ ಮಾಡಿಕೊಳ್ಳಿ

ಕಣ್ಣಿನ ಹಿಂದೆ ಕೆಂಪು ಪಟ್ಟೆ, ಕುತ್ತಿಗೆಯ ಮೇಲೆ ಹಳದಿ ಗೆರೆಗಳು, ಕಾಲಿನ ಬೆರಳುಗಳ ನಡುವೆ ಜಾಲ ಇದ್ದರೆ ಅದು ಕೆಂಪುಕಿವಿ ಆಮೆ, ಅಂಗಡಿಯವರ ಬಾಯಲ್ಲಿ ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ನದಿ ಬಯಲಿನದ್ದು. ಬೆನ್ನ ಮೇಲೆ ನಕ್ಷತ್ರದ ಹಾಗೆ ಹಳದಿ ಗೆರೆಗಳಿದ್ದರೆ ಅದು ನಮ್ಮ ನಕ್ಷತ್ರ ಆಮೆ. ಚಿಪ್ಪಿನ ಮೇಲೆ ಚರ್ಮ ಹೊದಿಸಿದಂತೆ ಮೆತ್ತಗಿದ್ದು, ಮೂತಿ ಚೂಪಗಿದ್ದರೆ ನಮ್ಮ ಕೆರೆ-ಹಳ್ಳದ ಮೆದುಚಿಪ್ಪಿನ ಆಮೆ. ಇವೆರಡನ್ನೂ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಉಪಚಾರದ ಸಲುವಾಗಿ ಇಟ್ಟುಕೊಂಡೆ ಅಂದರೂ ನಡೆಯುವುದಿಲ್ಲ. ಸಿಕ್ಕ ದಿನವೇ ಅರಣ್ಯ ಇಲಾಖೆಗೆ ತಿಳಿಸಿ, ಒಪ್ಪಿಸಿಬಿಡಿ. ಮುಂದಿನದ್ದೆಲ್ಲ ಕೆಂಪುಕಿವಿಗೆ ಮಾತ್ರ.

ಮೊದಲ ದಿನ: ತೂಗಿ, ನೋಡಿ, ಒತ್ತಿ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು, ಆದರೆ ಆಮೆಗೆ ಒಂದು ಬೇರೆ ಡಬ್ಬಿ ಇರಲಿ, ಆ ಡಬ್ಬಿ ಮತ್ತೆ ಅಡುಗೆಮನೆಗೆ ಹೋಗಬಾರದು. ತೂಕ ಬರೆದಿಡಿ, ಮೇಲಿನಿಂದ, ಕೆಳಗಿನಿಂದ, ಮುಖದ ಎರಡೂ ಬದಿಯಿಂದ ಫೋಟೋ ತೆಗೆದಿಡಿ. ತಿಂಗಳು ಕಳೆದ ಮೇಲೆ ಸುಧಾರಿಸಿದೆಯೋ ಇಲ್ಲವೋ ಅನ್ನುವ ಅನುಮಾನ ಬಂದಾಗ ಕಣ್ಣಂದಾಜು ಕೈಕೊಡುತ್ತದೆ, ವಹಿ ಕೈಕೊಡುವುದಿಲ್ಲ. ನಮ್ಮದು ಆ ದಿನ 78 ಗ್ರಾಂ, ಚಿಪ್ಪು 8 ಸೆಂಟಿಮೀಟರ್.

ಆಮೇಲೆ ಹೊಟ್ಟೆಯ ಕಡೆಯ ಚಿಪ್ಪನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ತೀರ ಎಳೆ ಮರಿಯಲ್ಲಿ ತುಸು ಬಾಗುವುದು ಸಹಜ. ಐದು ವರ್ಷದ್ದರಲ್ಲಿ ಬಾಗಬಾರದು. ನಮ್ಮ ಲಕ್ಷ್ಮಿಯದ್ದು ಹಳೇ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಹಾಗೆ ಒಳಗೆ ಹೋಗಿ, ಬೆರಳು ತೆಗೆದ ಮೇಲೆ ನಿಧಾನಕ್ಕೆ ಮೇಲೆ ಬಂತು. ಬಿಸಿಲೂ ಸುಣ್ಣದ ಅಂಶವೂ ಸಿಗದೆ ಎಲುಬು ಮೆತ್ತಗಾಗಿರುವ ಲಕ್ಷಣ ಇದು. ಅಂಚುಗಳು ಮೇಲಕ್ಕೆ ಮಡಚಿಕೊಂಡಿರುತ್ತವೆ, ಕಾಲು ಎಳೆದುಕೊಂಡು ನಡೆಯುತ್ತದೆ.

ಕಣ್ಣು ಊದಿ ಮುಚ್ಚಿಕೊಂಡಿದ್ದರೆ ಸಾಮಾನ್ಯವಾಗಿ ಎ ಜೀವಸತ್ವದ ಕೊರತೆ, ಜೊತೆಗೆ ಹೊಲಸು ನೀರು. ಕಿವಿಯ ಜಾಗದಲ್ಲಿ ಬಟಾಣಿಯಂಥ ಬಾವು ಇದ್ದರೆ ಒಳಗೆ ಕೀವು ಗಟ್ಟಿಯಾಗಿದೆ, ಅದನ್ನು ಡಾಕ್ಟರೇ ಕೊಯ್ದು ತೆಗೆಯಬೇಕು. ಚಿಪ್ಪಿನ ಮೇಲೆ ಬಿಳಿ ಕಲೆ, ಕುಳಿ, ದುರ್ವಾಸನೆ ಇದ್ದರೆ ಚಿಪ್ಪಿಗೆ ಹುಳುಕು ಹತ್ತಿದೆ.

ಇಷ್ಟನ್ನು ಮನೆಯಲ್ಲಿ ನೋಡಿಕೊಂಡು ಒಂದೆರಡು ದಿನ ತಡೆಯಬಹುದು. ತಡೆಯಲಾಗದವು ಇವು: ನೀರಿನಲ್ಲಿ ಒಂದು ಬದಿಗೆ ವಾಲಿ ತೇಲುವುದು, ಮೂಗಿನಿಂದ ಗುಳ್ಳೆ, ಬಾಯಿ ತೆರೆದು ಕುತ್ತಿಗೆ ಚಾಚಿ ಉಸಿರಾಡುವುದು, ಹೊಟ್ಟೆಯ ಚಿಪ್ಪಿನ ಒಳಗೆ ಕೆಂಪು ಛಾಯೆ ಹರಡುವುದು, ರಕ್ತ, ಬಾಲದ ಬಳಿ ಮಾಂಸ ಹೊರಬಂದಿರುವುದು. ಮೊದಲ ಮೂರು ನ್ಯುಮೋನಿಯಾ ಇರಬಹುದು, ಕೆಂಪು ಛಾಯೆ ನಂಜು ರಕ್ತಕ್ಕೆ ಏರಿದ ಸೂಚನೆ. ಅದೇ ದಿನ ಹೊರಡಿ.

ಬಿಸಿ

ಅಗಲವಾದ ಪ್ಲಾಸ್ಟಿಕ್ ಟಬ್ ತನ್ನಿ. ಒಂದು ತುದಿಯ ಕೆಳಗೆ ಇಟ್ಟಿಗೆ ಇಟ್ಟು ಟಬ್ಬನ್ನು ವಾಲಿಸಿ. ತಗ್ಗಿನ ಕಡೆ ಆಮೆಯ ಚಿಪ್ಪಿನ ಅರ್ಧ ಎತ್ತರಕ್ಕೆ ನೀರು, ಏರಿನ ಕಡೆ ಒಣ ಜಾಗ. ಆಳ ನೀರು ಬೇಡವೇ ಬೇಡ. ನೀರಿನ ಪ್ರಾಣಿ ಮುಳುಗಿ ಸಾಯುತ್ತದೆಯೇ ಅಂತ ನಗಬೇಡಿ. ಅದು ಉಸಿರಾಡುವುದು ಗಾಳಿಯನ್ನೇ, ತಲೆ ಎತ್ತುವ ತ್ರಾಣ ಇಲ್ಲದಾಗ ಮುಳುಗುತ್ತದೆ.

ಒಣ ಜಾಗಕ್ಕೆ ನಾನು ಇಟ್ಟದ್ದು ಫರಸಿ ಹಾಕಿ ಉಳಿದಿದ್ದ ಶಹಾಬಾದ್ ಕಲ್ಲಿನ ತುಂಡು. ಒರಟು ಬದಿ ಮೇಲಿರಲಿ, ಉಗುರಿಗೆ ಹಿಡಿತ ಸಿಗುತ್ತದೆ. ಕಲ್ಲು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಅದರ ಮೇಲೆ ಒಂದು ಗೇಣಿಗಿಂತ ತುಸು ಎತ್ತರದಲ್ಲಿ ಬಲ್ಬ್. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಬೇಕಾದದ್ದು ಹಳೇ ನಮೂನೆಯ 60 ವ್ಯಾಟ್ ಹಳದಿ ಬಲ್ಬ್. ಎಲೆಕ್ಟ್ರಿಕ್ ಅಂಗಡಿಯಲ್ಲಿ "ಕೋಳಿಮರಿಗೆ ಹಾಕೋ ಬಲ್ಬ್" ಅಂತ ಕೇಳಿದರೆ ತೆಗೆದುಕೊಡುತ್ತಾರೆ. ಹೋಲ್ಡರ್ ಪಿಂಗಾಣಿಯದ್ದಿರಲಿ, ವೈರ್ ನೀರಿಗೆ ಬೀಳದ ಹಾಗೆ ಗಟ್ಟಿಯಾಗಿ ಕಟ್ಟಿ. ಟಬ್ಬಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತುಬಿಡಿ, ಪ್ರತಿ ಸಲ.

ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಬೇಡಿ. ಕಲ್ಲಿನ ಮೇಲೆ 32ರಿಂದ 35 ಡಿಗ್ರಿ, ನೀರು 26ರಿಂದ 28 ಡಿಗ್ರಿ. ಬಲ್ಬ್ ದಿನಕ್ಕೆ 10ರಿಂದ 12 ತಾಸು. ರಾತ್ರಿ ಬೆಳಕು ಬೇಡ, ಬಿಸಿ ಬೇಕು. ಬೆಳಕಿಲ್ಲದ ಸಿರಾಮಿಕ್ ಹೀಟರ್ ಬಲ್ಬ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆ ಜುಲೈನಲ್ಲಿ ನನ್ನ ಕೋಣೆಯ ಉಷ್ಣತೆ 22 ಡಿಗ್ರಿ ಇತ್ತು. ಆರೋಗ್ಯವಂತ ಆಮೆ ಅದನ್ನು ತಡೆದುಕೊಳ್ಳುತ್ತದೆ, ಕಾಯಿಲೆಯದ್ದಕ್ಕೆ ಅದು ಚಳಿ. ಡಿಸೆಂಬರಿನಲ್ಲಂತೂ "ಚಳಿಗಾಲದಾಗ ಅವು ಮಲಗ್ತಾವು" ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸೊರಗಿದ ಆಮೆ ಚಳಿಗೆ ಮಲಗಿದರೆ ಏಳುವುದು ಖಾತ್ರಿಯಿಲ್ಲ.

ಕರೆಂಟ್ ಹೋದರೆ? ಬಲ್ಬಿನ ಪ್ಲಗ್ ಕಿತ್ತು, ಬಿಸಿನೀರು ತುಂಬಿದ ಎರಡು ಬಾಟಲಿಗೆ ಟಾವೆಲ್ ಸುತ್ತಿ ಟಬ್ಬಿನ ಒಣ ಕಡೆ ಇಟ್ಟು, ಇಡೀ ಟಬ್ಬಿಗೆ ಕೌದಿ ಹೊದಿಸಿ. ಗಾಳಿ ಆಡಲು ಒಂದು ಮೂಲೆ ತೆರೆದಿರಲಿ. ನಮ್ಮ ಅವ್ವನ ಹಳೇ ಸೀರೆಗಳ ಕೌದಿ ಒಮ್ಮೆ ಆರು ತಾಸು ಬಿಸಿ ಹಿಡಿದಿತ್ತು. ಕರೆಂಟ್ ಬಂದ ಮೇಲೆ ಕೌದಿ ತೆಗೆಯದೆ ಬಲ್ಬ್ ಹಚ್ಚಬೇಡಿ, ಬೆಂಕಿ ಹತ್ತುತ್ತದೆ.

ನೀರು

ಮೊದಲ ಮೂರು-ನಾಲ್ಕು ದಿನ ಬೆಳಿಗ್ಗೆ-ಸಂಜೆ ಅರ್ಧ ತಾಸು ಉಗುರುಬೆಚ್ಚಗಿನ ನೀರಿನಲ್ಲಿ ಬಿಡಿ. ಕೂಸಿಗೆ ಎರೆಯುವಾಗ ಮೊಣಕೈ ಅದ್ದಿ ನೋಡುತ್ತೇವಲ್ಲ, ಅದಕ್ಕಿಂತಲೂ ತುಸು ತಣ್ಣಗೆ. ಆಮೆ ಇಲ್ಲಿ ನೀರು ಕುಡಿಯುತ್ತದೆ. ಕಣ್ಣು ಗುಳಿಬಿದ್ದಿದ್ದರೆ ಎರಡು-ಮೂರು ದಿನದಲ್ಲಿ ಸ್ವಲ್ಪ ತುಂಬಿಕೊಳ್ಳುವುದು ಕಾಣುತ್ತದೆ. ನೀರಿನಲ್ಲೇ ಹೇತರೆ ಖುಷಿಪಡಿ, ಕರುಳು ಕೆಲಸ ಮಾಡುತ್ತಿದೆ ಅಂತ ಅರ್ಥ. ಅದನ್ನು ಒಂದು ಡಬ್ಬಿಯಲ್ಲಿ ತೆಗೆದಿಟ್ಟರೆ ಹುಳದ ಪರೀಕ್ಷೆಗೂ ಆಯಿತು.

ಬೆಳಗಾವಿಗೆ ರಾಕಸಕೊಪ್ಪ, ಹಿಡಕಲ್ ನೀರು ಕ್ಲೋರಿನ್ ಹಾಕಿಯೇ ಬರುತ್ತದೆ. ನಳದ ನೀರನ್ನು ಬಾಯಿ ಅಗಲದ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಬಳಸಿ. ನೀರು ದಿನ ಬಿಟ್ಟು ದಿನ ಬರುವ ಓಣಿಯವರಿಗೆ ತುಂಬಿಡುವುದನ್ನು ಹೇಳಿಕೊಡಬೇಕಾಗಿಲ್ಲ. ಟಬ್ಬಿನ ನೀರು ದಿನಾ ಬದಲಾಗಬೇಕು.

ಕಣ್ಣು ಮುಚ್ಚಿದ್ದರೆ ಔಷಧಿ ಅಂಗಡಿಯ 0.9 ಶೇಕಡಾ ಸಲೈನಿನಿಂದ ದಿನಕ್ಕೆ ಎರಡು ಸಲ ತೊಳೆಯಿರಿ. ಉಗುರಿನಿಂದ ರೆಪ್ಪೆ ಬಿಡಿಸಲು ಹೋಗಬೇಡಿ. ಎ ಜೀವಸತ್ವದ ಹನಿಯನ್ನೋ ಕ್ಯಾಪ್ಸೂಲನ್ನೋ ಮನಸ್ಸಿಗೆ ಬಂದಷ್ಟು ಹಾಕಲೂಬೇಡಿ. ಹೆಚ್ಚಾದರೆ ಚರ್ಮ ಸುಲಿದು ಬರುತ್ತದೆ, ಹಳೇ ರೋಗಕ್ಕಿಂತ ಹೊಸದು ದೊಡ್ಡದಾಗುತ್ತದೆ.

ಊಟ

ನಾಲ್ಕನೇ ದಿನದ ಹೊತ್ತಿಗೆ ಆಮೆ ತಾನಾಗಿ ಕಲ್ಲು ಹತ್ತಿ, ಹಿಂಗಾಲು ಚಾಚಿ ಬಲ್ಬಿನ ಕೆಳಗೆ ಮಲಗುತ್ತಿದ್ದರೆ ಊಟದ ಮಾತು ಆಡಬಹುದು. ಅಲ್ಲಿಯವರೆಗೆ ಉಪವಾಸವಿದ್ದರೆ ಏನೂ ಆಗುವುದಿಲ್ಲ, ಅದು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇದ್ದು ಬಂದದ್ದು.

ಕೆಂಪುಕಿವಿ ನೀರಿನೊಳಗೇ ತಿನ್ನುತ್ತದೆ. ನೆಲದ ಮೇಲೆ ತಿನಿಸು ಇಟ್ಟು ಕಾಯಬೇಡಿ, ನುಂಗಲು ನೀರು ಬೇಕು. ಬೇರೆ ಸಣ್ಣ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ, ಅಲ್ಲಿ ತಿನ್ನಿಸಿ, ವಾಪಸ್ ಬಿಡಿ. ಇರುವ ನೀರು ಹೊಲಸಾಗುವುದಿಲ್ಲ.

ಮೊದಲ ದಿನ ನೆನೆಸಿದ ಎರಡು-ಮೂರು ಕಾಳು ಒಳ್ಳೆಯ ಆಮೆ ಪೆಲೆಟ್, ಅಂದರೆ ಆಮೆಗೆಂದೇ ಮಾಡಿದ ತಯಾರಿ ತಿನಿಸು. ಮುಟ್ಟದಿದ್ದರೆ ಎರೆಹುಳ. ಇದು ನನ್ನ ಬ್ರಹ್ಮಾಸ್ತ್ರ. ಔಷಧಿ ಹೊಡೆಯದ ಕುಂಡದ ಮಣ್ಣಿನಿಂದ ತೆಗೆದ ಸಣ್ಣ ಎರೆಹುಳವನ್ನು ತೊಳೆದು ಅದರ ಮುಂದೆ ಬಿಟ್ಟೆ. ಒಂದು ನಿಮಿಷ ಏನೂ ಇಲ್ಲ. ಹುಳ ತಿರುಚಿಕೊಂಡಿತು. ಆಮೆಯ ಕುತ್ತಿಗೆ ಕೂದಲೆಳೆಯಷ್ಟು ಮುಂದೆ ಬಂತು, ಒಂದು ಕಣ್ಣು ಅರ್ಧ ತೆರೆಯಿತು, ಮತ್ತೆ ನಿಂತಿತು. ಆಮೇಲೆ ಟಪ್ ಅಂತ ಒಂದೇ ಕಚ್ಚು. ಏಳನೇ ದಿನ ಸಂಜೆ 6ಕ್ಕೆ ಅಂತ ವಹಿಯಲ್ಲಿ ಬರೆದಿದ್ದೇನೆ. ಕಣ್ಣು ಪೂರ್ತಿ ಮುಚ್ಚಿರುವ ಆಮೆ ಹೀಗೆ ಬೇಟೆಯಾಡುವುದಿಲ್ಲ, ಕಾಣದ್ದನ್ನು ಅದು ತಿನ್ನುವುದಿಲ್ಲ. ಅದಕ್ಕೆ ಕಣ್ಣು ಮೊದಲು, ಊಟ ಆಮೇಲೆ. ಬಾಯಿ ತೆರೆಸಿ ತುರುಕಬೇಡಿ, ನಳಿಕೆಯಿಂದ ಉಣಿಸುವುದು ಡಾಕ್ಟರ ಕೆಲಸ.

ಒಂದು ಸಲಕ್ಕೆ ಅದರ ತಲೆಯ ಗಾತ್ರದಷ್ಟು ಪೆಲೆಟ್ ಸಾಕು. ಮರಿಗೆ ದಿನಾ, ದೊಡ್ಡದಕ್ಕೆ ಎರಡು-ಮೂರು ದಿನಕ್ಕೊಮ್ಮೆ. ಬರೀ ಒಣಸಿಗಡಿ ಬೇಡ, ಅಂಗಡಿಯವರು ಕೊಡುವುದು ಅದನ್ನೇ. ಕಣ್ಣು ಊದಿ ಬರುವ ಆಮೆಗಳಲ್ಲಿ ಹೆಚ್ಚಿನವು ಅದರ ಮೇಲೇ ಬೆಳೆದವು. ಚುರುಮುರಿ, ಅನ್ನ, ಚಪಾತಿ, ಬ್ರೆಡ್, ಹಾಲು ಪೂರ್ತಿ ಬಂದ್. ಎರಡನೇ ವಾರದಿಂದ ಸೊಪ್ಪು-ತರಕಾರಿ ಸೇರಿಸಿ: ಹೆರೆದ ಗಜ್ಜರಿ, ಸಿಹಿಗುಂಬಳ, ಹತ್ತರಕಿ. ರೊಟ್ಟಿಗೆ ಹಚ್ಚಿಕೊಂಡು ತಿನ್ನುವ ನಮ್ಮ ಹತ್ತರಕಿಯನ್ನು ಇದು ಇಷ್ಟಪಟ್ಟೀತು ಅಂತ ನಾನು ಅಂದುಕೊಂಡಿರಲಿಲ್ಲ, ಈಗ ನಮ್ಮ ತಾಟಿನಲ್ಲಿ ಪಾಲು ಕೇಳುತ್ತದೆ. ಪಾಲಕ್ ಕಡಿಮೆ ಇರಲಿ, ಅದರ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಕೆರೆಯ ಅಂತರಗಂಗೆ ತರಬೇಡಿ, ಊರ ಚರಂಡಿ ನೀರು ಕುಡಿದು ಬೆಳೆದದ್ದು ಅದು. ವಾರಕ್ಕೊಮ್ಮೆ ಕಡಲೆಕಾಳಿನಷ್ಟು ಕೋಳಿ ಲಿವರ್ ಹಾಕಿದರೆ ಎ ಜೀವಸತ್ವದ ಚಿಂತೆ ಕಡಿಮೆ.

ಕ್ಯಾಲ್ಸಿಯಮ್ಮಿಗೆ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರದ ನೊರೆ ಅಂತ ಸಿಗುತ್ತದಲ್ಲ, ಆ ಬಿಳಿ ಹಗುರ ತುಂಡು, ಅದೇ ಬೇಕಾದದ್ದು. ಕಪ್ಪೆಬೊಂಡಾಸ್ ಅನ್ನುವ ಸಮುದ್ರಜೀವಿಯ ಒಳ ಎಲುಬು ಅದು. ಹಿಂದಿನ ಗಟ್ಟಿ ಪದರ ಕೆತ್ತಿ ತೆಗೆದು ನೀರಿನಲ್ಲಿ ತೇಲಿಬಿಡಿ. ಮನಸ್ಸಾದಾಗ ಕಚ್ಚುತ್ತದೆ.

ಬಿಸಿಲು, ಮತ್ತು ಬೆಳಗಾವಿಯ ಮಳೆ

ಎಷ್ಟು ಕ್ಯಾಲ್ಸಿಯಂ ಕೊಟ್ಟರೂ ಮೈಗೆ ಹತ್ತಬೇಕಾದರೆ ಡಿ3 ಜೀವಸತ್ವ ಬೇಕು, ಅದು ಚರ್ಮದಲ್ಲಿ ತಯಾರಾಗಲು ಬಿಸಿಲಿನ ಯುವಿಬಿ ಕಿರಣ ಬೇಕು. ಕಿಟಕಿಯ ಗಾಜು ಈ ಕಿರಣವನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ "ಕಿಡಕಿ ಕಡೆ ಇಟ್ಟಿದ್ವಿ, ಬಿಸಲು ಬೀಳತಿತ್ತು" ಅನ್ನುವ ಮಾತಿಗೆ ಅರ್ಥವಿಲ್ಲ.

ವಿಜಯಪುರ, ಬಾಗಲಕೋಟೆಯವರಿಗೆ ಈ ಭಾಗ ಸಲೀಸು, ಅಲ್ಲಿನ ಅಪಾಯ ಬೇರೆ. ಬೆಳಗಿನ ಎಳೆಬಿಸಿಲಿನಲ್ಲಿ 20-30 ನಿಮಿಷ, ಅರ್ಧ ಟಬ್ಬಿಗೆ ನೆರಳು, ಪಕ್ಕದಲ್ಲಿ ನೀವು. ಏಪ್ರಿಲ್-ಮೇನಲ್ಲಿ ಎಂಟು ಗಂಟೆಯ ಒಳಗೆ ಮುಗಿಸಿಬಿಡಿ. ಗಾಜಿನ ತೊಟ್ಟಿಯನ್ನು ಎಂದೂ ಬಿಸಿಲಿಗಿಡಬೇಡಿ, ಕೆಲವೇ ನಿಮಿಷದಲ್ಲಿ ಒಳಗಿದ್ದದ್ದು ಬೆಂದುಹೋಗುತ್ತದೆ. ಬೆಕ್ಕು, ಕಾಗೆ, ಹದ್ದಿನ ಕಡೆಗೂ ಕಣ್ಣಿರಲಿ.

ನಮ್ಮ ಬೆಳಗಾವಿಯಲ್ಲಿ ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ಮುಖ ತೋರಿಸಿದರೆ ಹಬ್ಬ. ಇಲ್ಲಿ ಯುವಿಬಿ ಟ್ಯೂಬ್ ಇಲ್ಲದೆ ಗತಿಯಿಲ್ಲ. ಸರೀಸೃಪಗಳಿಗೆಂದೇ ಮಾಡಿದ, ಮೇಲೆ 5.0 ಅಂತ ಬರೆದಿರುವ ದೀಪ ತರಿಸಿ, ಕಲ್ಲಿನ ಮೇಲೆ 25-30 ಸೆಂಟಿಮೀಟರ್ ಎತ್ತರದಲ್ಲಿ, ನಡುವೆ ಗಾಜು-ಪ್ಲಾಸ್ಟಿಕ್ ಏನೂ ಇಲ್ಲದಂತೆ ಹಾಕಿ. ಬೆಳಕು ಚೆನ್ನಾಗಿಯೇ ಕಂಡರೂ ಕಿರಣದ ಕಸುವು ಇಳಿಯುತ್ತದೆ, ವರ್ಷದೊಳಗೆ ಬದಲಿಸಬೇಕು. ನಾನು ಮೊದಲು ಒಂದು ಮೀನಿನ ಅಂಗಡಿಯಲ್ಲಿ ಯುವಿ ದೀಪ ಕೇಳಿದಾಗ ಕೈಗೆ ಬಂದದ್ದು ನೀರಿನ ಕ್ರಿಮಿ ಕೊಲ್ಲುವ ಯುವಿಸಿ ದೀಪ. ಡಬ್ಬಿಯ ಮೇಲಿನ ಸಣ್ಣಕ್ಷರ ಓದದೆ ಹಚ್ಚಿದ್ದರೆ ಆಮೆಯ ಕಣ್ಣೂ ಹೋಗುತ್ತಿತ್ತು, ನನ್ನದೂ. ಅಕ್ಷರ ಓದಿ: ಬೇಕಾದದ್ದು ಯುವಿಬಿ.

ಚಿಪ್ಪಿನ ಹುಳುಕು

ಮೇಲುಮೇಲಿನ ಹುಳುಕಾದರೆ ಮನೆಯಲ್ಲೇ ಆಗುತ್ತದೆ. ಮೆತ್ತನೆಯ ಹಲ್ಲುಬ್ರಷ್‌ನಿಂದ ಪಾಚಿ ತಿಕ್ಕಿ ತೊಳೆಯಿರಿ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಕರಿ ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ, ಹತ್ತಿಯಿಂದ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು ಒರೆಸಿ. ಆಮೇಲೆ ದಿನದ ಬಹುಭಾಗ ಒಣ ಬೆಚ್ಚಗಿನ ಟಬ್ಬಿನಲ್ಲೇ ಇರಲಿ, ಒಂದೆರಡು ತಾಸು ಮಾತ್ರ ನೀರಿಗೆ. ಕುಳಿ ಆಳವಾಗಿದ್ದರೆ, ಒತ್ತಿದಾಗ ಕೀವು ಬಂದರೆ ನಿಮ್ಮ ಕೈಯಲ್ಲಿಲ್ಲ.

ಓಣಿಯ ಹಿರಿಯರು ಅರಿಷಿಣ, ಕೊಬ್ಬರಿ ಎಣ್ಣೆ ಹಚ್ಚಲು ಹೇಳುತ್ತಾರೆ. ಮಿಂಚುತ್ತದೆ, ನಿಜ. ಆದರೆ ಎಣ್ಣೆಯ ಕೆಳಗೆ ತೇವವೂ ಹೊಲಸೂ ಒಳಗೇ ಉಳಿದು ಹುಳುಕು ಬೆಳೆಯುತ್ತದೆ.

ಡಾಕ್ಟರ ಹತ್ತಿರ ಹೋಗುವಾಗ ಒಂದು ಮಾತು

ನಮ್ಮ ಕಡೆ ದನ, ಎಮ್ಮೆ, ನಾಯಿ ನೋಡುವ ಡಾಕ್ಟರು ಧಾರಾಳ, ಆಮೆ ನೋಡಿದವರು ಅಪರೂಪ. ನಾನು ಮೊದಲು ಹೋದ ಕಡೆ ಹುಳಕ್ಕೆಂದು ಐವರ್‌ಮೆಕ್ಟಿನ್ ಸೂಜಿ ತುಂಬಿಸಿ ತಂದರು. ದನಕ್ಕೂ ಕುರಿಗೂ ಅದು ದಿನನಿತ್ಯದ ಔಷಧಿ, ಅವರದ್ದು ತಪ್ಪಲ್ಲ. ಆಮೆಗೆ ಮಾತ್ರ ಅದು ವಿಷ. ನರಗಳು ಸೋತು ಪಾರ್ಶ್ವವಾಯು ಬಡಿದಂತಾಗಿ ಸಾಯುತ್ತದೆ. ಹಿಂದಿನ ರಾತ್ರಿ ಓದಿಕೊಂಡಿದ್ದೆ, "ಸರ್, ಆಮಿಗೆ ಇದು ಆಗೂದಿಲ್ಲಂತ, ಒಂದ್ಸಲ ನೋಡ್ರಿ" ಅಂದೆ. ಅವರು ಬೇಸರ ಮಾಡಿಕೊಳ್ಳದೆ ಮೊಬೈಲ್ ತೆಗೆದು ನೋಡಿ, ಸೂಜಿ ಕೆಳಗಿಟ್ಟರು. ನೀವೂ ಸಂಕೋಚಪಡದೆ ಮೊದಲೇ ಹೇಳಿ. ಮಲ ಪರೀಕ್ಷೆ ಆಗದೆ ಹುಳದ ಔಷಧಿಯೇ ಬೇಡ. ಪುಣೆ, ಬೆಂಗಳೂರಿನಲ್ಲಿ ಸರೀಸೃಪ ನೋಡುವ ವೈದ್ಯರಿದ್ದಾರೆ. ಅವರಿಗೆ ಫೋಟೋ, ತೂಕದ ವಹಿ ಕಳಿಸಿ, ಅವರ ಸಲಹೆಯನ್ನು ಊರಿನ ಡಾಕ್ಟರ ಕೈಯಿಂದ ಮಾಡಿಸಿದ್ದು ನನಗೆ ಒದಗಿತು. ಒಯ್ಯುವಾಗ ನೀರಿನಲ್ಲಿ ಅಲ್ಲ, ಒದ್ದೆ ಟಾವೆಲ್ ಹಾಸಿದ, ತೂತಿರುವ ಡಬ್ಬಿಯಲ್ಲಿ ಒಯ್ಯಿರಿ.

ಮನೆಯವರ ಆರೋಗ್ಯವೂ ಇದೆ. ಆಮೆ ಎಷ್ಟೇ ಗಟ್ಟಿಮುಟ್ಟಾಗಿ ಕಂಡರೂ ಮೈಮೇಲೆ ಸಾಲ್ಮೊನೆಲ್ಲಾ ಅನ್ನುವ, ವಾಂತಿ-ಭೇದಿ ತರುವ ರೋಗಾಣು ಇರಬಹುದು. ಮಕ್ಕಳು ಬಾಯಿಗೆ ಹಾಕಿಕೊಂಡು ಕಾಯಿಲೆ ಬೀಳುತ್ತಿದ್ದರು ಅಂತಲೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಆಮೆಗಳ ಮಾರಾಟ ನಿಷೇಧಿಸಿತು. ಮುಟ್ಟಿದ ಮೇಲೆ ಸಾಬೂನು, ಟಬ್ ತೊಳೆಯುವುದು ಹಿತ್ತಲಲ್ಲಿ, ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ದೂರ.

ಮುಂದಿನ ತಿಂಗಳುಗಳು

ವಾರಕ್ಕೊಮ್ಮೆ, ಒಂದೇ ಹೊತ್ತಿಗೆ, ಊಟಕ್ಕೆ ಮೊದಲು ತೂಗಿ. ಮೊದಲ ತಿಂಗಳು ನಮ್ಮದು 78ರಿಂದ 83ಕ್ಕೆ ಬಂತು, ಅಷ್ಟೇ. ಆರು ತಿಂಗಳಿಗೆ 124. ಚಿಪ್ಪು ಗಟ್ಟಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಸೊಟ್ಟಗಾದ ಅಂಚು ಸೊಟ್ಟಗೇ ಉಳಿದಿದೆ, ಉಳಿಯುತ್ತದೆ. ಹೊಸದಾಗಿ ಬೆಳೆದ ಭಾಗ ಮಾತ್ರ ನಯವಾಗಿ, ಹಸಿರಾಗಿ ಬಂದಿದೆ. ಎರಡು ವಾರ ಸತತ ತೂಕ ಇಳಿದರೆ ಕಾಯಬೇಡಿ.

ಈಜಲು ಬಲ ಬಂದಂತೆ ನೀರಿನ ಆಳ ಏರಿಸುತ್ತ ಹೋಗಿ. ಕೊನೆಗೆ ಬೇಕಾಗುವುದು ಚಿಪ್ಪಿನ ಪ್ರತಿ ಇಂಚಿಗೆ ಸುಮಾರು 40 ಲೀಟರ್ ಲೆಕ್ಕದ ತೊಟ್ಟಿ. ಅಂದರೆ ದೊಡ್ಡ ಹೆಣ್ಣಿಗೆ 400 ಲೀಟರ್. ಅಕ್ವೇರಿಯಂ ಹೀಟರ್, ತೊಟ್ಟಿಯ ಅಳತೆಗಿಂತ ದುಪ್ಪಟ್ಟು ಕಸುವಿನ ಫಿಲ್ಟರ್. ಹಿತ್ತಲಲ್ಲಿ ಹಳೇ ಸಿಮೆಂಟ್ ಬಾನಿ ಇದ್ದವರು ಅದೃಷ್ಟವಂತರು. ನಮ್ಮದಕ್ಕೆ ಈಗ 210 ಗ್ರಾಂ, ಮುಂಗಾಲಿನ ಉಗುರು ಉದ್ದ ಬಂದಿವೆ. ಉದ್ದ ಉಗುರು ಗಂಡಿನ ಗುರುತು. ಲಕ್ಷ್ಮಿ ಈಗ ಲಕ್ಷ್ಮಣ, ಅವನಿಗೆ ತುಸು ಸಣ್ಣ ತೊಟ್ಟಿ ಸಾಕು. ಜೊತೆ ಇರಲಿ ಅಂತ ಇನ್ನೊಂದನ್ನು ತರಬೇಡಿ, ಕಚ್ಚಾಡುತ್ತವೆ.

ನಿಮಗೆ ಆಗದಿದ್ದರೆ? ಕೋಟೆ ಕೆರೆ, ಭೂತನಾಳ ಕೆರೆ, ಆಲಮಟ್ಟಿ ಹಿನ್ನೀರು ಯಾವುದೂ ಉತ್ತರವಲ್ಲ. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇದೂ ಇದೆ. ಐರೋಪ್ಯ ಒಕ್ಕೂಟ 1997ರಲ್ಲೇ ಇದರ ಆಮದು ನಿಲ್ಲಿಸಿತು. ನಮ್ಮ ಮೆದುಚಿಪ್ಪಿನ ಆಮೆಗಳ ಊಟ, ಬಿಸಿಲು ಕಾಯುವ ಕಲ್ಲು ಎರಡನ್ನೂ ಇದು ಕಿತ್ತುಕೊಳ್ಳುತ್ತದೆ, ರೋಗವನ್ನೂ ಅಂಟಿಸಬಹುದು. ನೋಡಿಕೊಳ್ಳುವ ಮನೆ ಹುಡುಕಿ, ಟಬ್, ಕಲ್ಲು, ಎರಡೂ ದೀಪ, ತೂಕದ ವಹಿ ಸಮೇತ ಕೊಡಿ. ಗಾಜಿನ ಬೋಗುಣಿ ಮಾತ್ರ ಕೊಡಬೇಡಿ. ನಮ್ಮ ಮನೆಯಲ್ಲಿ ಅದರಲ್ಲಿ ಈಗ ಉಪ್ಪಿನಕಾಯಿಗೆ ನಿಂಬೆಹಣ್ಣು ತುಂಬಿಡಲು ಹೊರಟಿದ್ದರು, ಸಾಲ್ಮೊನೆಲ್ಲಾ ಕಥೆ ಹೇಳಿ ತಡೆದು, ಮನಿಪ್ಲಾಂಟ್ ಹಚ್ಚಿದ್ದೇನೆ.